ಸೊನ್ನೆ ಎಂಟು ಸೊನ್ನೆ ಅಂದರೆ ಯಾರೂ ಎತ್ತದ ದಿನ

ಹುಳ ನಾನು ಹೇಳಿದ ದಿನಕ್ಕೆ ಏಳಲಿಲ್ಲ. ಶುಕ್ರವಾರ ಬೆಳಿಗ್ಗೆ ಬನ್ನಿ ಅಂತ ರೈತರಿಗೆಲ್ಲ ಹೇಳಿದ್ದೆ. ಗುರುವಾರ ಬೆಳಕು ಹರಿಯೋ ಮುಂಚೆ ಚಾಕಿ ಮನೆ ಬಾಗಿಲು ತೆಗೆದು ಮೇಲಿನ ತಟ್ಟೆ ಇಳಿಸಿದರೆ ಅರ್ಧಕ್ಕರ್ಧ ಹುಳ ತಲೆ ಆಡಿಸುತ್ತಿದ್ದವು. ಕೆಳಗಿನ ತಟ್ಟೆ ಇಳಿಸಿದೆ. ಅಲ್ಲೂ ಅದೇ ಕತೆ.

ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿ, ಎರಡು ಜ್ವರ ಕಳೆಯೋ ತನಕ ಸಾಕಿ ರೈತರಿಗೆ ಕೊಡೋದು ನಮ್ಮ ಮನೆ ಕೆಲಸ. ಅದಕ್ಕೆ ಚಾಕಿ ಅಂತಾರೆ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳ ಹಿಪ್ಪುನೇರಳೆ ಸೊಪ್ಪು ತಿನ್ನೋದು ಬಿಟ್ಟು, ತಲೆ ಮೇಲಕ್ಕೆತ್ತಿ, ಸತ್ತಂಗೆ ಕೂತು ಹಳೇ ಚರ್ಮ ಕಳಚುತ್ತದೆ. ಆ ಹೊತ್ತಲ್ಲಿ ಅದನ್ನ ಮುಟ್ಟಬಾರದು, ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಉದುರಿಸಿ, ತಟ್ಟೇಲಿ ಹುಳದ ಹಾಸಿಗೆ ಒಣಗಿಸಿ, ಸುಮ್ಮನಿರಬೇಕು. ಎರಡನೇ ಜ್ವರದಲ್ಲಿ ಕೂತಿರುವಾಗಲೇ ತಟ್ಟೆ ಸಮೇತ ರೈತರ ಮನೆ ಸೇರಬೇಕು. ಎದ್ದ ಮೇಲೆ ಮೊದಲ ಸೊಪ್ಪು ಸಾಕೋ ಮನೇಲೇ ಬೀಳಬೇಕು. ಇದು ನನ್ನ ಅತ್ತೆ ಕಾಲದಿಂದ ಇರೋ ಕಟ್ಟಳೆ, ಸುಮ್ಮನೆ ಬಂದಿದ್ದಲ್ಲ. ಸೊಪ್ಪು ತಿಂದ ಹುಳನ ಗಾಡೀಲಿ ಹಾಕಿ ಕುಲುಕಿಸಿದರೆ, ಕೆಳಗಿನ ಸೊಪ್ಪು ಬೆವೆತು, ಮನೆ ಮುಟ್ಟೋ ಹೊತ್ತಿಗೆ ಅರ್ಧ ಹುಳ ಮೆತ್ತಗಾಗಿರುತ್ತವೆ. ಅವತ್ತು ಗೊತ್ತಾಗಲ್ಲ. ಆಮೇಲೆ ಬೆಳೆ ಕೈಗೆ ಬರೋ ಹೊತ್ತಲ್ಲಿ ಗೊತ್ತಾಗುತ್ತದೆ.

ಆ ವಾರ ಬಿಸಿಲು ಅಷ್ಟು ಕೆಟ್ಟದಾಗಿತ್ತು. ಕೋಣೆ ಬೆಚ್ಚಗಾದರೆ ಜ್ವರ ಬೇಗ ಬಿಡುತ್ತದೆ. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದ್ದೆವು, ನೆಲಕ್ಕೆ ನೀರು ಚೆಲ್ಲಿದ್ದೆವು. ಹುಳಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ.

ಮಗ ಮುಂದಿನ ಬ್ಯಾಚಿನ ಮೊಟ್ಟೆ ವಿಚಾರಕ್ಕೆ ಬೈಕು ತಗೊಂಡು ಮೈಸೂರಿಗೆ ಹೋಗಿದ್ದ. ಮನೇಲಿ ನಾನು, ಸೊಸೆ. ಸೊಸೆನ ಎಬ್ಬಿಸಿದೆ.

"ಹುಳ ಎದ್ದವೆ. ಎಲ್ಲಾರ್ಗೂ ಇವತ್ತೇ ಬರೋಕೆ ಹೇಳ್ಬೇಕು."

"ಎಂಗೆ ಹೇಳಾದತ್ತೆ? ಟವರ್ ಸತ್ತೈತಲ್ಲ."

ಅದು ನನಗೆ ಮರೆತೇ ಹೋಗಿತ್ತು. ಮಂಗಳವಾರ ರಸ್ತೆ ಅಗಲ ಮಾಡೋ ಜೆಸಿಬಿ ಟವರಿಗೆ ಬರೋ ಕೇಬಲ್ಲನ್ನ ಬೇರು ಕಿತ್ತಂಗೆ ಕಿತ್ತಿತ್ತು. ನಮ್ಮ ಕೋಡಿಹಳ್ಳಿಯಿಂದ ಉಯ್ಯಂಬಳ್ಳಿ ತನಕ ಯಾರ ಮೊಬೈಲಿಗೂ ಸಿಗ್ನಲ್ಲಿನ ಗೀಟು ಬರುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಫೋನು, ಎಲ್ಲರೂ ಆಕಾಶ ನೋಡೋರು.

"ಜಗಲಿ ಮೇಲಿನ ಫೋನು ಐತಲ್ಲ," ಅಂದೆ.

ಆ ಫೋನಿನ ವಿಷಯ ಒಂದಿಷ್ಟು ಹೇಳಬೇಕು. ನಮ್ಮ ಮನೆಗೆ ಅದು ಬಂದಿದ್ದೇ ಹುಳಕ್ಕೋಸ್ಕರ. ನಮ್ಮ ಹುಳ ತಗೊಳ್ಳೋರು ಕನಕಪುರದಲ್ಲೂ ಇದ್ದರು, ಮಾಗಡಿ ಕಡೆ ಕೆಂಪಾಪುರದಲ್ಲೂ ಇದ್ದರು, ರಾಮನಗರ, ಚನ್ನಪಟ್ಟಣದ ಹಳ್ಳಿಗಳಲ್ಲೂ ಇದ್ದರು. ಆಗ ಫೋನಿಗೆ ಆ ಕಡೆಗೊಂದು ಕೋಡು ನಂಬರು, ಈ ಕಡೆಗೊಂದು ಕೋಡು ನಂಬರು. ಪಕ್ಕದ ತಾಲ್ಲೂಕಿಗೆ ಮಾತಾಡಿದರೂ ಎಸ್‌ಟಿಡಿ. ಫೋನು ಕೈಗೆ ತಗೊಂಡರೆ ನನ್ನ ಯಜಮಾನರು ಬಾಗಿಲಲ್ಲಿ ನಿಂತು ಕೆಮ್ಮೋರು. ಅದಕ್ಕೆ ನಾವು ಒಂದು ದಾರಿ ಮಾಡಿಕೊಂಡೆವು. ಎರಡು ರಿಂಗು ಕೊಟ್ಟು ಇಡೋದು, ಮತ್ತೆ ಎರಡು ರಿಂಗು ಕೊಟ್ಟು ಇಡೋದು. ಅಂದರೆ ಹುಳ ತಗೊಂಡು ಹೋಗಿ ಅಂತ. ಎತ್ತೋ ಹಾಗಿಲ್ಲ, ಎತ್ತದಿದ್ದರೆ ಬಿಲ್ಲೂ ಇಲ್ಲ. ರೈತರ ಕಡೆಯಿಂದಲೂ ಒಂದಿತ್ತು. ಅವರ ಹುಳ ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡಿದಾಗ ಒಂದೇ ಸಮ ಉದ್ದಕ್ಕೆ ರಿಂಗು, ತಾನಾಗಿ ನಿಲ್ಲೋ ತನಕ. ಅದು ಬಂದರೆ ಅವರ ಮನೆ ಖಾಲಿಯಾಗುತ್ತದೆ, ಮುಂದಿನ ಮೊಟ್ಟೆಗೆ ಹೇಳಬಹುದು ಅಂತ ನಮಗೆ ಗೊತ್ತಾಗೋದು. ಮನೇಲಿ ಫೋನಿಲ್ಲದೋರು ಅಂಗಡಿ ಫೋನಿನ ಹತ್ತಿರ ಹೇಳಿಟ್ಟಿರೋರು.

ಆಮೇಲೆ ಒಂದು ದಿನ ಕೋಡು ಎಲ್ಲ ಕಿತ್ತುಹಾಕಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲಾನೂ ಬೆಂಗಳೂರಿನ ಸೊನ್ನೆ ಎಂಟು ಸೊನ್ನೆಗೆ ಸೇರಿಸಿದರು. ನಮ್ಮ ನಂಬರಿನ ಮುಂದೆ ಇನ್ನಷ್ಟು ಅಂಕಿ ಬಂದು ಕೂತವು. ಊರಲ್ಲಿ ಏನು ಜಂಬ! ನಾವೂ ಬೆಂಗ್ಳೂರಿನೋರಾದ್ವಿ ಅಂತ ಮೀಸೆ ತಿರುವಿದೋರೇ ತಿರುವಿದ್ದು. ಅಷ್ಟು ದೂರದ ಬೆಂಗಳೂರು ಲೋಕಲ್ಲು. ನನ್ನ ತಂಗಿನ ಕೊಟ್ಟಿರೋದು ಹೊಳೆ ಆಚೆ, ಮಳವಳ್ಳಿ ತಾಲ್ಲೂಕಿಗೆ. ಈ ದಂಡೇಲಿ ಎಮ್ಮೆ ಕೂಗಿದರೆ ಆ ದಂಡೇಲಿ ಕೇಳುತ್ತದೆ. ಅವಳು ಮಾತ್ರ ಎಸ್‌ಟಿಡಿ. "ಬೆಂಗ್ಳೂರಮ್ಮ ಹೆಂಗವ್ಳೆ?" ಅಂತ ಅವಳು ಬಂದವರ ಹತ್ತಿರ ಕೇಳಿ ಕಳಿಸೋಳು.

ಕೋಡು ಒಂದಾದ ಮೇಲೆ ರೈತರ ಜೊತೆ ಎತ್ತಿ ಮಾತಾಡೋದು ಶುರುವಾಯಿತು, ರಿಂಗಿನ ಲೆಕ್ಕ ಮರೆತುಹೋಯಿತು. ಮೊಬೈಲು ಬಂದ ಮೇಲೆ ಜಗಲಿ ಫೋನೂ ಮರೆತುಹೋಯಿತು. ಹಿಂದಿನ ವಾರ ಲೈನ್‌ಮನ್ನು ಬಂದು, "ಅಜ್ಜಿ, ಈ ತಾಮ್ರದ ಲೈನೆಲ್ಲ ತೆಗೀತಾರೆ, ಒಂದು ಅರ್ಜಿ ಕೊಟ್ಟು ಬುಟ್ಬುಡಿ" ಅಂದಿದ್ದ. ಆಗಲಿ ಅಂದಿದ್ದೆ. ಸೀರೆ ಒಣಹಾಕೋಕೂ ಬಾರದ ತಂತಿ ಇಟ್ಟುಕೊಂಡು ಏನು ಮಾಡೋದು?

ಈಗ ಅದನ್ನ ಎತ್ತಿ ಕಿವಿಗಿಟ್ಟರೆ ಬುರ್ರ್ ಅಂತ ಜೀವ ಇತ್ತು. ಎಕ್ಸ್‌ಚೇಂಜಿಗೆ ಬರೋ ಕೇಬಲ್ಲು ಬೇರೆ ದಾರೀಲಿ ಬರುತ್ತಂತೆ, ಜೆಸಿಬಿ ಕೈಗೆ ಸಿಕ್ಕಿರಲಿಲ್ಲ. ಸೊಸೆ ಮೊಬೈಲಲ್ಲಿ ನಂಬರು ನೋಡಿ ಒಂದೊಂದೇ ಅಂಕಿ ಹೇಳಿದಳು, ನಾನು ಒತ್ತಿದೆ.

ಮೊದಲನೇದು ಕೆಂಪಾಪುರದ ಯಜಮಾನ. ನಮ್ಮ ಹಳೇ ಗಿರಾಕಿ, ಮಾಗಡಿ ಕಡೆಯೋರಿಗೆಲ್ಲ ಅವನೇ ಮುಂದಾಳು. ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಈ ಸಲ ಯಾರೋ ಕಟ್ ಮಾಡಿದರು. ರಾಮನಗರದ ಕಡೆಯೋನಿಗೆ ಮಾಡಿದೆ. ಕಟ್. ಚನ್ನಪಟ್ಟಣದ ಹೆಣ್ಣುಮಗಳಿಗೆ ಮಾಡಿದೆ. ಅವಳು ಎತ್ತಿದಳು, ಎತ್ತಿದವಳೇ, "ನಮಗೆ ಲೋನು ಬ್ಯಾಡ ಕಣಮ್ಮ, ಎಷ್ಟ್ ಸಲ ಹೇಳಾದು?" ಅಂತ ಇಟ್ಟೇಬಿಟ್ಟಳು. ನಾನು ಬಾಯಿ ತೆಗೆದಿದ್ದು ತೆಗೆದಂಗೇ ಉಳೀತು.

ಇನ್ನೊಬ್ಬ ಎತ್ತಿ, "ಮೇಡಂ, ನಿಮ್ ಸೈಟೂ ಬ್ಯಾಡ, ಕಾರ್ಡೂ ಬ್ಯಾಡ, ಮಲಗೋಕ್ ಬುಡಿ," ಅಂದ.

"ಯಾವ ಮೇಡಮ್ಮೋ ನಿನ್ ತಲೆ, ನಾನು ಹುಳದಜ್ಜಿ ಕಣ್ಲಾ!" ಅಂತ ಕೂಗಿದೆ. ಅಷ್ಟರಲ್ಲಿ ಇಟ್ಟಿದ್ದ.

ಸೊಸೆ ನಗೋಕೆ ಶುರು ಮಾಡಿದಳು. ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. "ಅತ್ತೆ, ಈಗ ಸೊನ್ನೆ ಎಂಟು ಸೊನ್ನೆ ಅಂತ ಬಂದ್ರೆ ಯಾರೂ ಎತ್ತಲ್ಲ. ಬರೀ ಲೋನ್‌ನೋರು, ಸೈಟ್ ಮಾರೋರು. ನಾನೇ ಎತ್ತಲ್ಲ."

"ಅಂದ್ರೆ ನಮ್ ನಂಬರು ಕೆಟ್ಟೋಯ್ತು ಅನ್ನು."

"ಕೆಡಲಿಲ್ಲ. ಬೆಂಗ್ಳೂರ್ದಾಯ್ತು."

ಒಳಗೆ ಹುಳ ಏಳುತ್ತಲೇ ಇದ್ದವು. ನಾನು ಜಗಲಿಗೂ ಚಾಕಿ ಮನೆಗೂ ಓಡಾಡಿ ಓಡಾಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಬಿಚ್ಚಿಹೋಗಿತ್ತು. ಎದ್ದ ಹುಳ ತಟ್ಟೆ ಅಂಚಿಗೆ ಬಂದು ತಲೆ ಅತ್ತ ಇತ್ತ ತೂಗುತ್ತವೆ, ಸೊಪ್ಪು ಎಲ್ಲಿ ಅಂತ. ಎದ್ದವಕ್ಕೆ ಈಗಲೇ ಹಾಕಿದರೆ ಇನ್ನೂ ಜ್ವರದಲ್ಲಿರೋವು ಹಿಂದೆ ಬೀಳುತ್ತವೆ. ಆಮೇಲೆ ಒಂದೇ ತಟ್ಟೇಲಿ ಒಂದು ಅಣ್ಣ, ಒಂದು ತಮ್ಮ. ಅಂಥ ಹುಳ ಒಟ್ಟಿಗೆ ಹಣ್ಣಾಗಲ್ಲ, ಗೂಡು ಸಮ ಬರಲ್ಲ.

"ನಾನು ಮೊದಲ ಬಸ್ಸಿಗೆ ಕನಕಪುರಕ್ಕೆ ಹೋಗಿ ಅಲ್ಲಿಂದ ಮೊಬೈಲಲ್ಲಿ ಮಾಡ್ಲಾ?" ಅಂದಳು ಸೊಸೆ.

ಯೋಚನೆ ಸರಿಯಾಗೇ ಇತ್ತು. ಆದರೆ ಬಸ್ಸು ಬಂದು, ಅವಳು ಮುಟ್ಟಿ, ಅವರು ಗಾಡಿ ಮಾಡಿಕೊಂಡು ಬರೋ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಎಳೇ ಹುಳನ ಬಿಸಿಲಲ್ಲಿ ಒಯ್ಯೋದೂ ಒಂದೇ, ಬಾಣಲೆಗೆ ಹಾಕೋದೂ ಒಂದೇ. ಅದೂ ಅಲ್ಲದೆ ಅಷ್ಟು ತಟ್ಟೆಗೆ ನಾನೊಬ್ಬಳೇ ಕೈ ಹಾಕೋಕೂ ಆಗಲ್ಲ.

"ಬ್ಯಾಡ, ಇನ್ನೊಂದು ಸಲ ಮಾಡಾನ."

"ಎಷ್ಟ್ ಮಾಡಿದ್ರೂ ಬರೀ ರಿಂಗಾಯ್ತದೆ ಅಷ್ಟೇ," ಅಂತ ಸಿಡುಕಿದಳು.

ಬರೀ ರಿಂಗಾಗುತ್ತದೆ. ಹೌದಲ್ಲ! ರಿಂಗಾಗಲಿ. ಎತ್ತು ಅಂತ ಯಾರು ಹೇಳಿದರು?

ಕೆಂಪಾಪುರದ ನಂಬರು ಮತ್ತೆ ಹೇಳು ಅಂದೆ. ಎರಡು ರಿಂಗು ಕೇಳಿಸಿಕೊಂಡೆ, ಇಟ್ಟೆ. ಮತ್ತೆ ಒತ್ತಿದೆ. ಎರಡು ರಿಂಗು, ಇಟ್ಟೆ. ಮುಂದಿನ ನಂಬರು. ಎರಡು, ಇಟ್ಟೆ, ಎರಡು, ಇಟ್ಟೆ. ಸೊಸೆ ನನಗೆ ತಲೆ ಕೆಟ್ಟಿತು ಅಂತಲೇ ನೋಡುತ್ತಿದ್ದಳು. ಅವಳು ಈ ಮನೆಗೆ ಬಂದಿದ್ದು ಕೋಡು ಒಂದಾದ ಮೇಲೆ, ಅವಳಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಹೇಳೋಕೆ ನನಗೂ ಪುರಸೊತ್ತಿರಲಿಲ್ಲ.

ಎಲ್ಲರಿಗೂ ಕೊಟ್ಟು ಮುಗಿಸಿ ಫೋನು ಇಟ್ಟು ಕೂತೆ. ಕೂರೋಕೆ ಆಗಲಿಲ್ಲ. ಎದ್ದು ನೆಲಕ್ಕೆ ನೀರು ಚೆಲ್ಲಿದೆ, ತಟ್ಟೆ ಮೇಲಿಂದು ಕೆಳಕ್ಕೆ, ಕೆಳಗಿಂದು ಮೇಲಕ್ಕೆ ಮಾಡಿದೆ. ಹಳಬರು ಎಷ್ಟು ಜನ ಬದುಕಿದ್ದಾರೆ, ಬದುಕಿದ್ದರೂ ಫೋನು ಯಾರ ಜೇಬಲ್ಲಿದೆ, ಅದು ಕೂಗುತ್ತದೋ ಬರೀ ನಡುಗುತ್ತದೋ?

ಜಗಲಿ ಫೋನು ಹೊಡಕೊಂಡಿತು. ಸೊಸೆಗಿಂತ ಮುಂಚೆ ನಾನು ಹೋದೆ.

"ಅಕ್ಕೋ! ಇನ್ನೂ ಬದುಕಿದ್ದೀಯಾ?" ಕೆಂಪಾಪುರದ ಯಜಮಾನನ ದನಿ.

"ನಾನು ಬದುಕಿದ್ದೀನಿ. ನಿನಗೆ ಕಿವಿ ಐತಾ ಅಂತ ನೋಡ್ತಿದ್ದೆ."

"ಹಾಲು ಕರೀತಿದ್ದೆ ಕಣಕ್ಕ. ನನ್ ಸೊಸೆ, ಬ್ಯಾಂಕ್‌ನೋರು, ಬ್ಯಾಂಕ್‌ನೋರು ಅಂತ ಕಟ್ ಮಾಡ್ತಾನೇ ಅವ್ಳೆ. ಎರಡು ಆಗಿ ನಿಂತು, ಮತ್ತೆ ಎರಡು ಆಯ್ತು ನೋಡು, ಚೊಂಬು ಅಲ್ಲೇ ಬುಟ್ಟು ಎದ್ದೆ. ಅವು ಬ್ಯಾಂಕ್‌ನೋರಲ್ಲ, ಹುಳ ಕಣವ್ವ ಅಂದೆ. ಎದ್ದವಾ?"

"ಎದ್ದವೆ. ಬಿಸಿಲೇರೋಕೆ ಮುಂಚೆ ಬಾ. ನಿನ್ ಮೊಬೈಲಿಂದ ಮಿಕ್ಕೋರಿಗೂ ಹೇಳು, ನನ್ ನಂಬರಿಗೆ ಮರ್ಯಾದೆ ಇಲ್ಲ."

ಸೊಸೆ ಹೆಸರು, ನಂಬರು ಹೇಳುತ್ತಾ ಹೋದಳು, ಅವನು ಒಬ್ಬೊಬ್ಬರಿಗೇ ಮಾಡಿದ. ರಾಮನಗರದ ಕಡೆ ಇನ್ನೊಬ್ಬಳು ಮುದುಕಿಗೂ ರಿಂಗು ತಿಳಿದಿತ್ತಂತೆ. ಅವಳು ಆಗಲೇ ಮಗನನ್ನ ಬೈದು ಗಾಡಿ ಹೊರಡಿಸಿದ್ದಳು. ಮಿಕ್ಕವರ ಪಾಲಿಗೆ ರಿಂಗು ಬರೀ ರಿಂಗೇ, ಯಜಮಾನ ಮಾಡಿದ್ದಕ್ಕೆ ಬಂದರು. ಅಷ್ಟಾದರೂ ಆಯಿತು.

ಉಳಿದಿದ್ದು ಒಬ್ಬಳೇ. ಉಯ್ಯಂಬಳ್ಳಿ ಹೋಬಳಿಯೋಳು, ಊರಿಂದಾಚೆ ಹೊಳೆ ದಂಡೇಲಿ ತೋಟ. ಅವಳ ಮೊಬೈಲೂ ನಮ್ಮದೇ ಸತ್ತ ಟವರಿನದು. ಯಜಮಾನ ಮಾಡಿದರೂ, ನಾನು ಮಾಡಿದರೂ ಒಂದೇ ಮಾತು: ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

ಈ ಹೆಂಗಸಿನ ಗಂಡ ತೀರಿಕೊಂಡು ಸ್ವಲ್ಪ ಕಾಲ ಆಗಿತ್ತು. ಗಂಡನ ಅಣ್ಣಂದಿರಿಗೆ ಆ ರೇಷ್ಮೆ ತೋಟ ಕಿತ್ತು ಇಟ್ಟಿಗೆ ಗೂಡಿನೋರಿಗೆ ಮಣ್ಣಿಗೆ ಕೊಡೋ ಆಸೆ. ಇವಳು ಬಿಟ್ಟಿರಲಿಲ್ಲ. ಹಿಂದಿನ ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಗಿತ್ತು. ಹುಳ ಸುಣ್ಣದ ಕಡ್ಡಿ ಆದಂಗೆ ಬೆಳ್ಳಗೆ ಗಟ್ಟಿಯಾಗಿ ಸಾಯುತ್ತವೆ. ಆಗ ಮನೇಲಿ ಮಾತಾಗಿತ್ತು. ಇದೊಂದು ಬೆಳೆ ನೋಡೋದು, ಇದೂ ಹೋದರೆ ತೋಟ ಕೀಳೋದು. ಹುಳ ಬೇಕು ಅಂತ ಹೇಳಿಹೋಗೋಕೆ ಬಂದಾಗ ಅವಳೇ ನನ್ನ ಹತ್ತಿರ ಇದನ್ನ ಹೇಳಿದ್ದಳು, ಅಳದೇ ಹೇಳಿದ್ದಳು. ಅಳದೇ ಇದ್ದಿದ್ದಕ್ಕೇ ನನಗೆ ನೆನಪಿತ್ತು.

ಬಿಸಿಲೇರೋ ಮುಂಚೆಯೇ ಯಜಮಾನನ ಗಾಡಿ ಬಂತು. ಮಾಗಡಿ ಕಡೆಯೋರ ತಟ್ಟೆಗಳನ್ನೆಲ್ಲ ಮೇಣದ ಕಾಗದ ಹೊದಿಸಿ ಕೊಟ್ಟೆವು. ರಾಮನಗರ, ಚನ್ನಪಟ್ಟಣದೋರೂ ಬಂದರು. ಲೋನು ಬೇಡ ಅಂದಿದ್ದ ಚನ್ನಪಟ್ಟಣದೋಳು ಬಾಗಿಲಲ್ಲೇ ನಾಲಿಗೆ ಕಚ್ಚಿಕೊಂಡಳು. "ಲೋನು ಬೇಕಾದ್ರೆ ಕೇಳು ತಾಯಿ, ಹುಳದ ಜೊತೆ ಕಟ್ಟಿಕೊಡ್ತೀನಿ," ಅಂದೆ. ಎಲ್ಲರೂ ನಕ್ಕರು. ನಂಗೆ ನಗು ಬರಲಿಲ್ಲ, ಕಣ್ಣು ಮೂಲೇಲಿ ಉಳಿದ ತಟ್ಟೆಗಳ ಮೇಲಿತ್ತು.

ಯಜಮಾನನ ಕಣ್ಣೂ ಅಲ್ಲಿಗೇ ಹೋಯಿತು.

"ಅದು ಯಾರ್ದು?"

"ಉಯ್ಯಂಬಳ್ಳಿದು."

"ಅವಳು ಬರೋದ್ಯಾವಾಗ? ನನಗೆ ಕೊಟ್ಬುಡಕ್ಕ. ಈ ಸಲ ಸೊಪ್ಪು ಜಾಸ್ತಿ ಐತೆ, ಮನೆ ಔಷಧಿ ಹೊಡೆದು ರೆಡಿ ಐತೆ. ಇಲ್ಲೇ ಉಪಾಸ ಕೆಡವೋ ಬದ್ಲು ಹುಳನಾದ್ರೂ ಉಳೀತವೆ."

ಅವನು ಕೆಟ್ಟೋನಲ್ಲ. ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಹುಳ ಉಳೀತವೆ, ನನ್ನ ಹೆಸರೂ ಉಳೀತದೆ. ಅವಳಿಗೆ ಮುಂದಿನ ಬ್ಯಾಚಲ್ಲಿ ಕೊಡ್ತೀನಿ ಅನ್ನಬಹುದು. ಆದರೆ ಮುಂದಿನ ಬ್ಯಾಚಿನ ಹೊತ್ತಿಗೆ ತೋಟ ಇರಲ್ಲ. ಗುಂಡಿ ಇರುತ್ತದೆ. ಒಬ್ಬರಿಗೆ ಹೇಳಿದ ಹುಳನ ಅವರ ಬಾಯಿಂದ ಬೇಡ ಅನ್ನೋ ಮಾತು ಬಾರದೆ ಇನ್ನೊಬ್ಬರಿಗೆ ಕೊಡಬಾರದು ಅನ್ನೋದೂ ನಮ್ಮ ಮನೆ ಕಟ್ಟಳೆಯೇ.

"ಇಲ್ಲ," ಅಂದೆ.

"ಸಾಯ್ತವೆ ಕಣಕ್ಕ."

"ಸತ್ರೆ ನನ್ ಕೈಯಾಗೇ ಸಾಯ್ಲಿ. ನೀನು ಹೊರಡು, ಬಿಸಿಲಾಯ್ತು."

ಅವನು ತಲೆ ಅಲ್ಲಾಡಿಸಿ ಗಾಡಿ ಹತ್ತಿದ.

ನಾನು ಜಗಲಿಗೆ ಬಂದು ತಂಗಿಗೆ ಮಾಡಿದೆ. ಅವಳ ನಂಬರು ಯಾರೂ ಹೇಳಬೇಕಿರಲಿಲ್ಲ. ಹೊಳೆ ಆಚೆ ಟವರು ಬೇರೆ, ಅದಕ್ಕೇನೂ ಆಗಿರಲಿಲ್ಲ. ಇವಳೂ ಲೋನಿನೋರು ಅಂದುಕೊಂಡರೆ ಏನು ಗತಿ? ಮೊದಲನೇ ರಿಂಗಿಗೇ ಎತ್ತಿದಳು.

"ಏನು ಬೆಂಗ್ಳೂರಮ್ಮ?"

"ನೀನೆಂಗೆ ಎತ್ತಿದೆ? ಈ ನಂಬರು ನೋಡಿದ್ರೆ ಎಲ್ಲಾ ಇಡ್ತಾವ್ರೆ."

"ನಿನ್ ನಂಬರು ನಂಗೆ ಮರೀತದಾ? ನಿಂಗೆ ಬೆಂಗ್ಳೂರು ಲೋಕಲ್ಲಾದ್ಮೇಲೂ ನಾನು ದುಡ್ಡು ಹಾಕ್ಕೊಂಡು ಮಾತಾಡಿದ್ದೀನಿ. ಏನು ಹೇಳು."

ಹೇಳಿದೆ. ತಂಗಿ ತೋಟದ ಕೆಳಗೆ ಹೊಳೆ. ಅದರ ಎದುರಿಗೇ, ಈ ದಂಡೇಲಿ, ನನ್ನ ಉಯ್ಯಂಬಳ್ಳಿಯೋಳ ತೋಟ. ತಂಗಿಗೆ ಅದು ಗೊತ್ತಿತ್ತು. ಅಲ್ಲಿ ಸೊಪ್ಪು ಕೊಯ್ಯೋದನ್ನ ಆಚೆಯಿಂದ ನೋಡುತ್ತಿದ್ದಳಂತೆ.

"ಹೊಳೆಗಿಳಿದು ಕೂಗು. ಹುಳ ಎದ್ದವೆ, ಕೋಡಿಹಳ್ಳಿಗೆ ಈಗಲೇ ಓಗು ಅಂತ."

"ಕೂಗಾಕೆ ಕೋಡ್ ಬ್ಯಾಡ ಅಲ್ವಾ?" ಅಂದಳು. ಆ ಹೊತ್ತಲ್ಲೂ ಚುಚ್ಚದೆ ಬಿಡಲಿಲ್ಲ. "ಇಡು, ಹೋಯ್ತೀನಿ."

ಆಮೇಲೆ ಏನೂ ಗೊತ್ತಿಲ್ಲ. ತಂಗಿ ಫೋನು ಮನೇಲಿಟ್ಟು ಹೊಳೆಗಿಳಿದರೆ ಅವಳ ಮಾತೂ ನನಗಿಲ್ಲ. ಕೂಗಿದಳೋ, ಕೇಳಿತೋ, ಆ ಹೆಂಗಸು ತೋಟದಲ್ಲಿದ್ದಳೋ, ಸಂತೆಗೆ ಹೋಗಿದ್ದಳೋ? ಫೋನಿನ ಎದುರಿಗೆ ಕೂತರೆ ಹುಳ ಕರೆಯುತ್ತವೆ, ಹುಳದ ಎದುರಿಗೆ ಹೋದರೆ ಫೋನು ಕೂಗಿದಂಗೆ ಆಗುತ್ತದೆ. ಸೊಸೆ ಎರಡು ಸಲ ಮುದ್ದೆ ಮುಂದಿಟ್ಟಳು, ಎರಡು ಸಲ ತಣ್ಣಗಾಯಿತು. "ನೀವು ತಿನ್ನದಿದ್ರೆ ಹುಳಕ್ಕೆ ಹೊಟ್ಟೆ ತುಂಬಲ್ಲ ಅತ್ತೆ," ಅಂದಳು. ಬೈದೆ. ತಿನ್ನಲಿಲ್ಲ.

ಬಿಸಿಲು ನೆತ್ತಿಗೆ ಬರೋ ಹೊತ್ತಿಗೆ ಮೂಲೆ ತಟ್ಟೆಗಳಲ್ಲಿ ಹೆಚ್ಚುಕಮ್ಮಿ ಎಲ್ಲಾ ಎದ್ದಿದ್ದವು. ಅಂಚು ಹತ್ತಿ ಕೆಳಗೆ ಬೀಳೋಕೆ ಶುರು ಮಾಡಿದವು. ಬಿದ್ದಿದ್ದನ್ನ ಕೋಳಿ ಪುಕ್ಕದಲ್ಲಿ ಎತ್ತಿ ಎತ್ತಿ ಮತ್ತೆ ಹಾಕಿದೆ. ಇನ್ನು ಕಾದರೆ ಮೈ ಬಾಡಿ, ಹೊಳಪು ಹೋಗಿ, ಸೊಪ್ಪು ಹಾಕಿದರೂ ಬಾಯಿ ಹಾಕಲ್ಲ. ಹಾಕಿದರೆ ಅತ್ತೆ ಕಾಲದ ಕಟ್ಟಳೆ ಮುರಿದಂಗೆ. ಸಂಜೆ ಗಾಡೀಲಿ ಹೋಗುವಾಗ ಬೆವೆತರೆ ಅವಳ ಬೆಳೆ ನಾನೇ ಕೊಂದಂಗೆ.

"ಸೊಪ್ಪು ಕೊಯ್ಕೊಂಡು ಬಾ," ಅಂದೆ.

"ಇಲ್ಲೇ ಹಾಕ್ತೀರಾ?" ಸೊಸೆ ನಿಂತೇ ಇದ್ದಳು.

"ಕೇಳ್ದೆ ತಾನೆ? ಎಳೇದು ಬ್ಯಾಡ, ನೀರು ಜಾಸ್ತಿ. ಒಸಿ ಬಲಿತಿರೋದು ತಾ. ಒಂದು ಹನಿ ನೀರು ಇರಬಾರ್ದು."

ಚಾಕಿ ತೋಟದಲ್ಲಿ ನಮ್ಮ ಹತ್ತಿರ ಇರೋದೆಲ್ಲ ಎಳೇ ಸೊಪ್ಪು. ಬಲಿತಿದ್ದಕ್ಕೆ ಅವಳು ಬೇಲಿ ಅಂಚಿನ ಹಳೇ ಗಿಡಗಳಿಗೆ ಹೋದಳು. ನಾನು ಸಣ್ಣಗೆ ಹೆಚ್ಚಿದೆ, ಕೈಯಲ್ಲಿ ಕೆದರಿ ಉಗುರು ತಾಗಿಸಿ ನೋಡಿದೆ, ಒದ್ದೆ ಇಲ್ಲ. ಎಲೆ ಎಲೆ ಮಧ್ಯೆ ಹುಳ ಕಾಣೋಷ್ಟು ತೆಳ್ಳಗೆ ಉದುರಿಸಿದೆ. ಅಟ್ಟದ ಮೇಲೆ ಖಾಲಿ ತಟ್ಟೆ ಇದ್ದವು, ಅವನ್ನೂ ತಂದು ಹಾಸಿಗೆ ಬಿಡಿಸಿದೆ. ಒಂದು ತಟ್ಟೇದನ್ನ ಎರಡು ತಟ್ಟೆಗೆ ಮಾಡಿ ಗಾಳಿ ಆಡೋ ಹಂಗೆ ಇಟ್ಟೆ. ಹುಳ ತಿನ್ನೋ ಸದ್ದು ಕೇಳೋಕೆ ಬಗ್ಗಿದೆ. ಅಷ್ಟು ಎಳೇ ಹುಳ ತಿಂದರೆ ಸದ್ದು ಕೇಳಲ್ಲ. ಎಲೆ ಅಂಚು ಮಾತ್ರ ಕರಗುತ್ತಾ ಬಂತು.

ಬಾಗಿಲಲ್ಲಿ ಆಟೋ ನಿಂತ ಸದ್ದು ಆಗ ಬಂತು.

ಇಳಿದಿದ್ದು ಉಯ್ಯಂಬಳ್ಳಿಯೋಳು. ಸೀರೆ ಮೊಣಕಾಲ ತನಕ ಒದ್ದೆಯಾಗಿ ಒಣಗಿ ಕೆಸರು ಕಟ್ಟಿತ್ತು. "ಅವ್ವಾ," ಅಂದಳು, ಉಸಿರು ಸಿಕ್ಕಲಿಲ್ಲ. "ಆಚೆ ದಂಡೇಲಿ ಒಬ್ರು ನಿಂತು ಸೆರಗು ಬೀಸ್ತಾವ್ರೆ. ಯಾರೋ ಬಿದ್ದವ್ರೆ ಅನ್ಕೊಂಡು ನಾನು ನೀರಿಗಿಳಿದೆ. 'ಬರಬ್ಯಾಡ, ಬರಬ್ಯಾಡ, ಹುಳ ಎದ್ದವೆ, ಓಡು' ಅಂತಾರೆ. ನಿಮ್ ತಂಗಿ ಅಂತ ಆಮೇಲೆ ಗೊತ್ತಾಯ್ತು. ಬಾಯೋ ಬಾಯಿ."

"ಆ ಬಾಯಿ ಇವತ್ತೊಂದಿನ ಕೆಲಸಕ್ಕೆ ಬಂತು."

ಅವಳು ತಟ್ಟೆ ನೋಡಿದಳು. ಸೊಪ್ಪು ನೋಡಿದಳು. ಅವಳಿಗೂ ಕಟ್ಟಳೆ ಗೊತ್ತಿತ್ತು. "ಹಾಕ್ಬುಟ್ರಾ?"

"ಹಾಕ್ದೆ. ಬೇಡ ಅಂದ್ರೆ ಈಗಲೇ ಹೇಳು, ಕೆಂಪಾಪುರದೋನು ಕೇಳಿದ್ದ."

"ಬೇಡ ಅನ್ನಲ್ಲ."

"ಅಂಗಾದ್ರೆ ಕಾಲು ತೊಳ್ಕೊಂಡು ಬಂದು ಮುದ್ದೆ ತಿನ್ನು. ಬಿಸಿಲಿಳಿಯೋ ತನಕ ಹುಳ ಹೊಸ್ತಿಲು ದಾಟಲ್ಲ."

ಆ ಮಧ್ಯಾಹ್ನ ಮೂರು ಜನ ಹೆಂಗಸರು ಮೂಲೇಲಿ ಕೂತು ಹುಳ ಕಾದೆವು. ತಿಂದು ಉಳಿದ ಕಡ್ಡಿಯನ್ನ ಒಂದೊಂದಾಗಿ ಎತ್ತಿ ಹಾಸಿಗೆ ಒಣಗಿಸಿದೆವು, ಸಂಜೆಗೆ ಅಡಿಯಲ್ಲಿ ಬೆವರೋಕೆ ಏನೂ ಉಳಿಯಬಾರದು ಅಂತ. ಸುಮ್ಮನಿರೋಕೆ ಆಗದೆ ನಾನು ಅವಳಿಗೆ ಹಳೇ ರಿಂಗಿನ ಲೆಕ್ಕ ಹೇಳಿದೆ. ಸೊಸೆಯೂ ಆಗಲೇ ಪೂರ್ತಿ ಕೇಳಿದ್ದು.

"ಹಣ್ಣಾದಾಗ ಒಂದೇ ಸಮ ರಿಂಗು, ನಿಲ್ಲೋ ತನಕ. ನಾನು ಎತ್ತಲ್ಲ."

"ಎತ್ತಿ ಮಾತಾಡಬಾರ್ದಾ? ಈಗ ಫ್ರೀ ಅಲ್ವಾ ಅವ್ವ?"

"ಮಾತಾಡಿದ್ರೆ ನೀನು ಅಳ್ತೀಯ. ನನ್ ಕೈ ಸುಣ್ಣ ಆಗಿರ್ತದೆ."

ಬಿಸಿಲು ಮೆತ್ತಗಾದ ಮೇಲೆ ಆಟೋದಲ್ಲಿ ಒದ್ದೆ ಗೋಣಿ ಹಾಸಿ, ಅದರ ಮೇಲೆ ಮರದ ಪಟ್ಟಿ ಇಟ್ಟು, ತಟ್ಟೆ ಜೋಡಿಸಿದೆವು. ಆಟೋದೋನಿಗೆ, ಬಸುರಿ ಹೆಂಗಸು ಕೂತವ್ಳೆ ಅನ್ಕೊಂಡು ಓಡಿಸು ಅಂದೆ. ಹೋದಳು.

ಮರುದಿನ ಟವರಿಗೆ ಜೀವ ಬಂತು. ಎಲ್ಲರ ಮೊಬೈಲೂ ಒಟ್ಟಿಗೆ ಕೂಗಿಕೊಂಡವು. ಮಗ ಬಂದ, ಆಗಿದ್ದು ಕೇಳಿ, "ಅವಳಿಗೆ ಒಂದ್ಸಲ ಫೋನ್ ಮಾಡಿ ಕೇಳಬಾರ್ದಾ?" ಅಂದ. ಬೇಡ ಅಂದೆ. ಕೇಳಿದರೆ ಚೆನ್ನಾಗವೆ ಅಂತಾಳೆ. ಚೆನ್ನಾಗಿರೋದು ಬಿಡೋದು ಮೂರನೇ ಜ್ವರದಲ್ಲಿ ಗೊತ್ತಾಗಲ್ಲ, ನಾಲ್ಕನೇದರಲ್ಲೂ ಗೊತ್ತಾಗಲ್ಲ. ಹಣ್ಣಾಗೋ ಹೊತ್ತಿಗೆ ಗೊತ್ತಾಗುತ್ತದೆ. ಕೇಳಲಿಲ್ಲ. ಆದರೆ ಮೈಯಲ್ಲಿ ಇರುವೆ ಬಿಟ್ಟಂಗಿತ್ತು. ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಆ ಸೊಪ್ಪು ಕಣ್ಣಿಗೆ ಬರೋದು. ಎಲ್ಲಾದರೂ ಒಂದೆಲೆ ಒದ್ದೆ ಇತ್ತಾ?

ಲೈನ್‌ಮನ್ನು ಬಂದ. "ಅಜ್ಜಿ, ಅರ್ಜಿ ಕೊಡ್ತೀರಾ?"

"ಈ ತಿಂಗಳು ಇರ್ಲಿ."

"ಯಾರು ಮಾಡ್ತಾರೆ ಇದಕ್ಕೆ?"

"ಬರಬೇಕಾದೋರು ಒಬ್ರು ಅವ್ರೆ."

"ತಾಮ್ರದ ತಂತಿ ತೆಗೆದು ಗಾಜಿನ ಫೈಬರ್ ಎಳೆದ್ರೂ ಇದೇ ನಂಬರು ಉಳಿಸ್ಕೊಬಹುದು. ಕರೆಂಟು ಹೋದ್ರೆ ಮಾತ್ರ ಅದೂ ಹೋಯ್ತದೆ."

"ಆಗ ನೋಡಾನ. ಈಗ ಮುಟ್ಟಬ್ಯಾಡ."

ಕೆಂಪಾಪುರದ ಯಜಮಾನ ಮೊಬೈಲಲ್ಲಿ ಮಾಡಿ, ಅವನ ಕಡೆ ಹುಳ ಹಣ್ಣಾದವು, ಚಂದ್ರಿಕೆಗೆ ಹಾಕ್ತಾವ್ರೆ ಅಂದ. ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟಿ. ಚನ್ನಪಟ್ಟಣದೋಳೂ ಹೇಳಿದಳು. ರಾಮನಗರದ ಮುದುಕಿ, ಮಗ ಫೋನಲ್ಲಿ ಮಾತಾಡುತ್ತಿರುವಾಗಲೇ ನಡುವೆ ಬಾಯಿ ಹಾಕಿ, ನಮ್ದು ಆಯ್ತು ಕಣಕ್ಕ ಅಂದಳು. ಉಯ್ಯಂಬಳ್ಳಿಯಿಂದ ಏನೂ ಇಲ್ಲ. ಒಂದು ದಿನ ಹಿಂದೆ ಬೀಳೋದು ಸರಿ, ಮಧ್ಯಾಹ್ನದ ಸೊಪ್ಪು ತಿಂದವಲ್ಲ. ಅದೂ ಕಳೀತು. ಯಜಮಾನ ಮತ್ತೆ ಮಾಡಿದಾಗ, "ಆವಮ್ಮಂದು?" ಅಂದ. ನನಗೆ ಗೊತ್ತಿಲ್ಲ ಅಂತ ಇಟ್ಟೆ.

ಜಗಲೀಲಿ ಕೂತು ಹೊಸ ಮರಿಗಳಿಗೆ ಸೊಪ್ಪು ಹೆಚ್ಚುತ್ತಿದ್ದೆ. ಸೊಸೆ ಸುಣ್ಣ ಜರಡಿ ಹಿಡಿಯುತ್ತಿದ್ದಳು. ಫೋನು ಹೊಡಕೊಂಡಿತು.

ಅವಳು ಜರಡಿ ಇಟ್ಟು ಎದ್ದಳು.

"ಮುಟ್ಟಬ್ಯಾಡ."

ಎರಡಾಯಿತು, ನಿಲ್ಲಲಿಲ್ಲ. ನಾಲ್ಕಾಯಿತು. ಸೊಸೆ ಕೈ ಚಾಚಿದವಳು ಹಂಗೇ ನಿಂತಿದ್ದಳು.

"ಲೋನ್‌ನೋರಾಗಿದ್ರೆ ಅತ್ತೆ?"

"ಲೋನ್‌ನೋರು ನಮಗ್ಯಾಕೆ ಮಾಡ್ತಾರೆ? ನಾವೇ ಸೊನ್ನೆ ಎಂಟು ಸೊನ್ನೆ."

ಹೊಡಕೊಳ್ಳುತ್ತಲೇ ಇತ್ತು. ನಮ್ಮ ಗೋಡೆ, ಗೂಡು, ಮೇಲಿನ ಹಂಚು ಎಲ್ಲ ಕೇಳೋ ಹಂಗೆ ಹೊಡಕೊಂಡಿತು. ನಾನು ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಳ್ಳದೆ, ಸುಮ್ಮನೆ ಕೇಳಿದೆ. ಕೊನೆಗೆ ಯಾರೂ ಕಟ್ ಮಾಡದೆ ತಾನಾಗೇ ನಿಂತಿತು.

"ಮಗನಿಗೆ ಹೇಳು," ಅಂದೆ. "ಮುಂದಿನ ಬ್ಯಾಚಿಗೆ ಉಯ್ಯಂಬಳ್ಳಿದೂ ಸೇರಿಸಿ ಮೊಟ್ಟೆಗೆ ಹೇಳ್ಲಿ."